ಶಾಂಭವಿದೇವಿಯ ಶಾಲು

ದೋರನಹಳ್ಳಿಯ ದೇವಿಂದ್ರ ಮಾಸ್ತರನಿಗೆ ತನ್ನ ಸನ್ಮಾನದ ಸುದ್ದಿ ತಿಳಿದದ್ದು ಪಾನ್‌ಡಬ್ಬಿ ಅಂಗಡಿಗೆ ಅಂಟಿಸಿದ ಹಾಳೆಯಿಂದ. ಪ್ರೇಮಕಾದಂಬರಿಗಳ ರಾಣಿ ಶಾಂಭವಿದೇವಿಯವರಿಗೆ ಇಂದು ಶಹಾಪುರದ ಮಹಿಳಾ ಓದುಗರಿಂದ ಶಾಲು, ಹಣ್ಣು, ಸನ್ಮಾನ. ರಾಣಿ ಸ್ವತಃ ಬರುತ್ತಾರೆ.

ಆ ರಾಣಿ ಇವನೇ. ದಲಿತ ಕೇರಿಯವನ ಹೆಸರಿಟ್ಟರೆ ಪ್ರೇಮ ಮಾರಾಟವಾಗುವುದಿಲ್ಲವೆಂದು ಯಾದಗಿರಿಯ ಪ್ರಕಾಶಕ ವಿಶ್ವರಾಧ್ಯ ಇಟ್ಟ ಹೆಸರದು. ಫೋನ್ ಮಾಡಿದರೆ ವಿಶ್ವರಾಧ್ಯ ಎತ್ತಲಿಲ್ಲ.

ಇವತ್ತು ಹೆಸರು ಹೇಳಿಯೇ ಬಿಡುವುದೆಂದು ದೇವಿಂದ್ರ ಬಿಳಿ ಅಂಗಿಗೆ ಇಸ್ತ್ರಿ ತಿಕ್ಕಿದ. ಹೆಂಡತಿ ಸುಂದ್ರಮ್ಮ ಹಿಟ್ಟಿನ ಡಬ್ಬಿಗೆ ಮೊಬೈಲು ಆನಿಸಿ, ರೊಟ್ಟಿ ಬಡಿಯುತ್ತಲೇ ಶಾಂಭವಿದೇವಿಯ ಕಂತುಗಳನ್ನು ಓದುವವಳು. ಹೊಸ ಕಾದಂಬರಿಯಲ್ಲಿ ದೊಡ್ಡ ವಾಡೆಯ ಮನೆತನದ ಹುಡುಗಿ ಹುಟ್ಟು ತಿಳಿಯದ ಹುಡುಗನೊಬ್ಬನ ಜೊತೆ ಓಡಿಹೋಗಿದ್ದಳು; ಅವನು ಯಾರ ಮಗನೆಂದು ಹೇಳುವ ಕೊನೆಯ ಕಂತೊಂದು ಬಾಕಿಯಿತ್ತು. ಅದನ್ನು ಬರೆಯುವವನು ಪಕ್ಕದಲ್ಲೇ ಗೊರಕೆ ಹೊಡೆಯುತ್ತಾನೆಂದು ಅವನು ಅವಳಿಗೂ ಹೇಳಿರಲಿಲ್ಲ. ಅವಳನ್ನೂ ಬಸ್ಸು ಹತ್ತಿಸಿದ.

ಸಭಾಂಗಣದ ಬಾಗಿಲಲ್ಲಿ ಸಂಘದ ಅಧ್ಯಕ್ಷೆ ಹಂಪಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿಯವನು ಬರುವ ಹೊತ್ತೇ ಇದು ಎಂದು ಬೈದಳು. ಬಾಯಿ ತೆರೆಯುವಷ್ಟರಲ್ಲಿ ಕೈಗೆ ಕುರ್ಚಿಗಳು ಬಂದವು. ಒಬ್ಬಾಕೆ ಜಮಖಾನ ಹಾಸಲು ಹೇಳಿದಳು, ಇನ್ನೊಬ್ಬಾಕೆ ಮೈಕು ಎತ್ತಿಡಲು. ತನ್ನ ಸಿಂಹಾಸನವನ್ನು ತಾನೇ ಹೊತ್ತು, ಧೂಳು ಒರೆಸಿ, ವೇದಿಕೆಯ ನಡುವೆ ಇಟ್ಟ. ಅಂಗಿ ಎಮ್ಮೆ ಮೆದ್ದ ಮೇವಿನಂತಾಗಿತ್ತು.

ಆಗ ಕಾರು ಬಂತು. ವಿಶ್ವರಾಧ್ಯನ ಹಿಂದೆ ಅವನ ನಾದಿನಿ ಇಳಿದಳು: ಬೆಳ್ಳಗಿನ ಮೈ, ರೇಷ್ಮೆ ಸೀರೆ, ನೆರೆದವರೆಲ್ಲ ಕನಸಿನಲ್ಲಿ ಕಂಡ ಶಾಂಭವಿದೇವಿ. ಶಾಲು ಅವಳ ಹೆಗಲೇರುವಾಗ ದೇವಿಂದ್ರ ಮೈಕಿನ ವೈರು ಹಿಡಿದುಕೊಂಡೇ ಎದ್ದು ನಿಂತ.

"ಆ ಕಾದಂಬರಿ ಬರದಾಂವ ನಾನ್ರಿ."

ಸಭೆ ನಕ್ಕಿತು. ಹಂಪಮ್ಮ ಮಗುವನ್ನು ಕೇಳುವಂತೆ ಕೇಳಿದಳು: "ಹಂಗಾದ್ರ ಹೇಳಪಾ. ವಾಡೇದ ಹುಡುಗೀನ ಕರ್ಕೊಂಡು ಹೋದಾಂವ ಯಾರ ಮಗ?"

"ನಮ್ಮಂಥ ಕೇರಿಯಾಂವ್ರಿ. ತನ್ನ ಮನಿಗೇ ಕರ್ಕೊಂಡು ಹೋಗ್ತಾನ. ಬಾಳ್ವೆ ಮಾಡ್ತಾರ."

ಮದುವೆ ಹಂದರದಲ್ಲಿ ಹೆಣ ಇಳಿಸಿದಂತಾಯಿತು. 'ಪ್ರೀತಿಗೆ ಜಾತಿಯಿಲ್ಲ' ಎಂಬ ಬ್ಯಾನರೊಂದೇ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ವಿಶ್ವರಾಧ್ಯ ನಾದಿನಿಯ ಕಿವಿಯಲ್ಲಿ ಏನೋ ಊದಿದ. ಅವಳು ಮೈಕಿಗೆ ಬಾಗಿ, ಹುಡುಗ ನೆರೆಯೂರ ಗೌಡರ ಕಳೆದುಹೋದ ಮಗ, ತೋಳಿನ ಮಚ್ಚೆಯಿಂದ ಗುರುತು ಸಿಗುತ್ತದೆ ಎಂದಳು.

ಹಿಂದಿನ ಸಾಲಿನಲ್ಲಿ ಒಂದು ಚಪ್ಪಾಳೆ. ಆಮೇಲೆ ಇಡೀ ಸಭೆ. ಇಷ್ಟು ಚಂದ ಪ್ರೀತಿ ಬರೆಯುವವರು ಕೇರಿಯಲ್ಲಿ ಕತೆ ಮುಗಿಸುತ್ತಾರೆಯೇ ಎಂದು ಹಂಪಮ್ಮ ತೀರ್ಪು ಕೊಟ್ಟಳು. ಕಾರು ಹತ್ತುವಾಗ ವಿಶ್ವರಾಧ್ಯ, ನಾಳೆಯೊಳಗೆ ಮಚ್ಚೆಯ ಕಂತು ಕಳಿಸೆಂದು ದೇವಿಂದ್ರನಿಗೆ ಪಿಸುಗುಟ್ಟಿದ.

ಸಭೆ ಖಾಲಿಯಾಯಿತು. ಹಿಂದಿನ ಸಾಲಿನಲ್ಲಿ ಸುಂದ್ರಮ್ಮ ಒಬ್ಬಳೇ ಉಳಿದಿದ್ದಳು.

"ಮೊದಲ್ನೇ ಚಪ್ಪಾಳಿ ನಿಂದು," ಎಂದ. "ನನ್ನ ಮಾತು ನೀನೂ ನಂಬಲಿಲ್ಲನು?"

"ನಂಬ್ಲಾರ್ದ ಏನ್ರಿ? ಪಲ್ಯಾಕ ಉಪ್ಪು ಕಮ್ಮಿ ಅಂತ ಮುನಿಸ್ಕೊಂಡು ಎದ್ದು ಹೋಗೋ ಹೀರೋ ಮತ್ಯಾರ ಮನ್ಯಾಗ ಅದಾನ?"

"ಮತ್ತ?"

ಸುಂದ್ರಮ್ಮ ಬ್ಯಾನರಿನ ಕಡೆ ನೋಡಿದಳು.

"ಗೌಡರ ಮಗ ಆದ್ರ ಹುಡುಗ ಉಳೀತಾನ್ರಿ. ನೀವು ಹೇಳಿದಂಗ ಕೇರಿಗೆ ಕರ್ಕೊಂಡು ಬಂದಿದ್ರ, ಬೆಳಗಾಗೂತನ ಜೀವಂತ ಬಿಡ್ತಿದ್ರನು?"

ಜಮಖಾನ ಸುತ್ತಿಡುವವನು ಎಲ್ಲಿ ಸತ್ತನೆಂದು ಹೊರಗಿನಿಂದ ಹಂಪಮ್ಮ ಕೂಗುತ್ತಿದ್ದಳು. ದೇವಿಂದ್ರ ಬಗ್ಗಿ ಒಂದು ತುದಿ ಹಿಡಿದ. ಸುಂದ್ರಮ್ಮ ಇನ್ನೊಂದು ತುದಿ ಹಿಡಿದಳು.