ಕರೆಂಟು ಹೋಗಲೆಂದು ಕಾಯುವ ಮಾವ

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದರೆ ಸಂತೋಷಪಡುವ ಮನುಷ್ಯ ಒಬ್ಬರೇ. ಅವರು ನನ್ನ ಯಜಮಾನರ ಸೋದರಮಾವ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ತಾವಾಗಿ ಹೇಳಿಕೊಳ್ಳುವುದಿಲ್ಲ.

ಮಾವನ ಕಸುಬು ಜಾಝ್ ಸಂಗೀತದ ರೆಕಾರ್ಡು ಮಾಡುವುದು, ನುಡಿಸುವವರ ಫೋಟೋ ತೆಗೆಯುವುದು. ಪ್ರಾಯದಲ್ಲಿ ಬೆಂಗಳೂರಿನ ಹೋಟೆಲುಗಳಲ್ಲಿ ವಾದ್ಯದವರ ಮುಂದೆ ಕ್ಯಾಮೆರಾ ಹಿಡಿದು ಕೂತವರು, ಬರಬರುತ್ತಾ ಅವರ ರೆಕಾರ್ಡುಗಳನ್ನೂ ತಾವೇ ಹೊರತರತೊಡಗಿದರಂತೆ. ಅಲ್ಲಿ ಬಾಡಿಗೆ ಏರಿದಾಗ ಸ್ಟುಡಿಯೋವನ್ನು ಎತ್ತಿಕೊಂಡು ಬಂದು, ನಮ್ಮ ಬೀದಿಯಲ್ಲಿದ್ದ ತಮ್ಮ ಅಪ್ಪನ ಹಳೇ ಮಗ್ಗದ ಷೆಡ್ಡಿನಲ್ಲಿ ಇಟ್ಟರು. ಸುತ್ತಲೂ ಪವರ್‌ಲೂಮುಗಳು! ಬೆಳಕು ಹರಿದರೆ ಖಟಖಟ ಶುರು. ಇಂಥ ಕಡೆ ರೆಕಾರ್ಡಿಂಗ್ ಮಾಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮಾವನ ಉಪಾಯ ಸರಳ. ಕರೆಂಟು ಹೋಗಬೇಕು, ಮಗ್ಗಗಳು ನಿಲ್ಲಬೇಕು, ಆಗ ಅವರ ಬ್ಯಾಟರಿ ಮೆಷಿನ್ನು ಓಡಬೇಕು. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಕಲಾವಿದರು ಜಗಲಿಯ ಮೇಲೆ ಸಾಲಾಗಿ ಕೂತು, ಮಾವನ ಅಕ್ಕ, ಅಂದರೆ ನಮ್ಮತ್ತೆ, ಕಳಿಸಿದ ಉಪ್ಪಿಟ್ಟು ತಿನ್ನುತ್ತಾ ಕಾಯುತ್ತಿದ್ದರು.

"ಏನ್ ಸಾರ್, ಇವತ್ತೂ ಕರೆಂಟ್ ಹೋಗಿಲ್ಲ. ಪಾಪ ನಿಮ್ಗೆ," ಎನ್ನುತ್ತಿದ್ದರು ಎದುರು ಮಗ್ಗದ ಸಾಹೇಬರು.

"ನೀವು ಸ್ವಲ್ಪ ದುವಾ ಮಾಡ್ರಿ ಸಾಹೇಬ್ರೆ," ಎನ್ನುತ್ತಿದ್ದರು ಮಾವ.

ಕರೆಂಟು ಹೋದಾಗ ಮಾತ್ರ ನನಗೆ ಮೈ ಜುಮ್ಮೆನ್ನುತ್ತಿತ್ತು. ನಡುಹಗಲಲ್ಲಿ ಇಡೀ ಬೀದಿ ಒಟ್ಟಿಗೆ ಸತ್ತಂತೆ. ಶೀಟಿನ ಮೇಲೆ ಕಾಗೆ ಹೆಜ್ಜೆ ಇಡುವುದು ಕೇಳಿಸುತ್ತಿತ್ತು. ಆ ಮೌನದೊಳಗೆ ಷೆಡ್ಡಿನಿಂದ ಸ್ಯಾಕ್ಸಫೋನು, ಪಾಳುಬಾವಿಯ ಒಳಗಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ. ಕಾನ್ವೆಂಟಿನಲ್ಲಿ ಪುಸ್ತಕ ನೋಡಿಕೊಂಡು ಪಿಯಾನೋ ಕಲಿತ ನನಗೆ, ಆ ಗಳಿಗೆಗೆ ತೋಚಿದ್ದನ್ನು ನುಡಿಸುವ ಈ ಸಂಗೀತ ಎಲ್ಲಿಗೆ ಕರೆದೊಯ್ಯುತ್ತದೋ ಎಂಬ ಭಯ ಬೇರೆ.

ಷೆಡ್ಡಿನ ಗೋಡೆ ತುಂಬ ಫೋಟೋಗಳು. ಎಲ್ಲರೂ ತನ್ಮಯರಾಗಿ ಕಣ್ಣು ಮುಚ್ಚಿದವರು. ಮಾವ ಆ ಕ್ಷಣವನ್ನೇ ಹೊಂಚಿ ತೆಗೆಯುತ್ತಿದ್ದರು. ಒಂದು ಆಯುಧಪೂಜೆಯ ದಿನ ಅತ್ತೆ, "ಅಯ್ಯೋ ಪಾಪ, ಎಲ್ಲಾ ಹೋಗ್ಬಿಟ್ಟವ್ರೆ," ಎಂದು ಮರುಗಿ, ಪ್ರತಿ ಫೋಟೋಕ್ಕೂ ಸೇವಂತಿಗೆ ಹಾರ ಹಾಕಿ ಕುಂಕುಮವಿಟ್ಟರು. ಮಧ್ಯಾಹ್ನ ಆ ಫೋಟೋಗಳಲ್ಲೊಬ್ಬರು ಬಾಗಿಲಲ್ಲಿ ಬಂದು ನಿಂತರು. ತಮ್ಮನ್ನು ತಾವೇ ಬಹಳ ಹೊತ್ತು ನೋಡಿ, ನೀರು ಕೇಳಿದರು.

"ಬೇಜಾರ್ ಮಾಡ್ಕೋಬೇಡಪ್ಪ, ಆಯಸ್ಸು ಜಾಸ್ತಿ ಆಗುತ್ತೆ," ಎಂದರು ಅತ್ತೆ.

ಇನ್ನೊಂದು ದಿನ ಮಾವ ನನ್ನ ಕಿವಿಗೆ ಹೆಡ್‌ಫೋನು ಹಾಕಿದರು. ಬೇರೆಯವರು ರೆಕಾರ್ಡಿನಿಂದ ಕತ್ತರಿಸಿ ಎಸೆಯುವುದನ್ನೆಲ್ಲ ಇವರು ಉಳಿಸುತ್ತಾರೆ: ಕೆಮ್ಮು, ಕುರ್ಚಿಯ ಕಿರುಗುಟ್ಟು, ಉಸಿರು.

"ಕೇಳಮ್ಮ, ಈಗ ಉಸಿರು ಎಳ್ಕೋತಾನೆ."

ಎಳೆದುಕೊಂಡರು. ನನ್ನ ಕುತ್ತಿಗೆಯ ಹತ್ತಿರವೇ.

"ಯಾರು ಮಾವ ಇವರು?"

"ಒಳ್ಳೇ ಹುಡುಗ. ತೀರ್ಕೊಂಡು ಬಹಳ ವರ್ಷ ಆಯ್ತು."

ಹೆಡ್‌ಫೋನು ಕಿತ್ತಿಟ್ಟು ಮನೆಗೆ ಬಂದವಳು ದೇವರ ಮುಂದೆ ದೀಪ ಹಚ್ಚಿದೆ. ಜೊತೆಗೆ, ಇರಲಿ ಎಂದು, ಕಾನ್ವೆಂಟಿನ ಪ್ರಾರ್ಥನೆಯನ್ನೂ ಹೇಳಿಕೊಂಡೆ.

ಹೋದ ವರ್ಷ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ನಾವೆಲ್ಲ ಜೀವ ಉಳಿದರೆ ಸಾಕು ಎನ್ನುತ್ತಿದ್ದಾಗ ಮಾವ ದನಿಯ ಹಿಂದೆ ಬಿದ್ದರು.

"ಅಕ್ಕ, ಷೆಡ್ಡಿಗೆ ಬಾ. ಏನಾದ್ರೂ ಹಾಡು."

"ನಾನೇನ್ ಹಾಡ್ಲೋ? ಆ ಗೋಡೆ ಮೇಲೆ ನನ್ನನ್ನೂ ತೂಗ್ಹಾಕ್ಬೇಕಾ? ಬರಲ್ಲ ಹೋಗು."

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಯಿತು. ಅತ್ತೆ ತಾವಾಗಿ ಎದ್ದು ಸೆರಗು ಹೊದ್ದರು. "ನಡಿಯಮ್ಮ, ಅವನ ಹಟ ತೀರಿಸ್ಬಿಟ್ ಬರೋಣ."

ಮೈಕಿನ ಮುಂದೆ ಕೂತರೆ ಹಾಡೇ ಬರಲಿಲ್ಲ. ಸುತ್ತ ನೋಡಿದರು. "ಏನೋ ಇದು ಧೂಳು? ಷರ್ಟಿಗೆ ಗುಂಡಿ ಎಲ್ಲಿ? ತಟ್ಟೆ ಹಾಗೇ ಇದೆ, ತಿಂಡಿ ತಿಂದಿಲ್ವಾ? ಲೇ, ನಿನ್ನನ್ನೇ ಕೇಳ್ತಿರೋದು. ಈಗ್ಲಾದ್ರೂ ಉಣ್ಣೋ." ಮಾವ ಹೂಂ ಎನ್ನಲಿಲ್ಲ, ಮೆಷಿನ್ನಿನಿಂದ ತಲೆ ಎತ್ತಲಿಲ್ಲ. ಕರೆಂಟು ಬಂದು ಮಗ್ಗಗಳ ಸದ್ದು ಮುಚ್ಚಿಹಾಕುವ ತನಕ ಅತ್ತೆ ಬೈಯುತ್ತಲೇ ಇದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಅತ್ತೆ ದನಿಯಿಲ್ಲದೆ ಮನೆಗೆ ಬಂದರು.

ಆಮೇಲೊಂದು ಮಧ್ಯಾಹ್ನ ಅತ್ತೆಗೆ ಗಂಜಿ ಕೊಟ್ಟು ಮಲಗಿಸಿ, ಮಾವನಿಗೆ ಊಟ ಕಳಿಸಿದ್ದ ಕ್ಯಾರಿಯರ್ ತರಲು ಹೋದೆ. ಕರೆಂಟು ಇರಲಿಲ್ಲ. ಷೆಡ್ಡಿನ ಮೆಟ್ಟಿಲು ಹತ್ತುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ: "ಷರ್ಟಿಗೆ ಗುಂಡಿ ಎಲ್ಲಿ?"

ಕಿಟಕಿಯಲ್ಲಿ ಇಣುಕಿದೆ. ಮೆಷಿನ್ನಿನ ಎದುರು ಚಕ್ಕಳಮಕ್ಕಳ ಹಾಕಿಕೊಂಡು ಮಾವ ಒಬ್ಬರೇ ಊಟಕ್ಕೆ ಕೂತಿದ್ದರು.

"ಹಾಕಿಸ್ದೆ ಕಣಕ್ಕ."

"ತಿಂಡಿ ತಿಂದಿಲ್ವಾ?"

"ತಿಂದೆ, ಇಡ್ಲಿ."

"ಲೇ, ನಿನ್ನನ್ನೇ ಕೇಳ್ತಿರೋದು. ಈಗ್ಲಾದ್ರೂ ಉಣ್ಣೋ."

"ಉಣ್ತಾ ಇದೀನಲ್ಲಕ್ಕ."

ಅವತ್ತು ಸುಮ್ಮನೆ ಬಿಟ್ಟಿದ್ದ ಜಾಗಗಳಲ್ಲೆಲ್ಲ ಈಗ ಉತ್ತರ ಕೊಡುತ್ತಿದ್ದರು. ಕ್ಯಾರಿಯರ್ ಕೇಳದೆ ಹಿಂತಿರುಗಿದೆ.

ಮನೆಯಲ್ಲಿ ಅತ್ತೆ ಎಚ್ಚರವಾಗಿದ್ದರು. ಬೆರಳುಗಳನ್ನು ಬಾಯಿಯ ಹತ್ತಿರ ತಂದು, ಹುಬ್ಬೇರಿಸಿ ಕೇಳಿದರು.

"ಉಂಡ್ರು ಅತ್ತೆ," ಎಂದೆ. "ನೀವು ಹೇಳಿದ್ ಮೇಲೆ ಉಣ್ಣದೆ ಇರ್ತಾರಾ?"