ಗ್ಯಾಸ್ ಸಿಲಿಂಡರ್ ಎಂಬ ಹಳೆಯ ವಿದ್ಯಾರ್ಥಿ

ನಡುವಯಸ್ಸಿಗೆ ಬಂದವರಿಗೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ, ಕೆಲವರಿಗೆ ಮೊಣಕಾಲು, ನನಗೆ ಅನುಮಾನ. ಯಾರಾದರೂ ನನ್ನನ್ನು ನೋಡಿ ನಕ್ಕರೆ ಮೊದಲು ಅಂಗಿಯ ಗುಂಡಿ ನೋಡಿಕೊಳ್ಳುತ್ತೇನೆ. ಗುಂಡಿ ಸರಿಯಾಗಿದ್ದರೆ ಇವನಿಗೆ ನನ್ನಿಂದ ಏನು ಬೇಕಾಗಿರಬಹುದು ಎಂದು ಯೋಚಿಸುತ್ತೇನೆ. ಏನೂ ಬೇಕಾಗಿಲ್ಲವೆಂದು ಖಾತ್ರಿಯಾದರೆ ಅನುಮಾನ ಇನ್ನಷ್ಟು ಬಲಿಯುತ್ತದೆ. ಏನೂ ಬೇಡದವನು ಸುಮ್ಮನೆ ಯಾಕೆ ನಗುತ್ತಾನೆ? ನನ್ನ ಹೆಂಡತಿ ಸರೋಜಾ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾಳೆ: "ನಿಮ್ಮ ಮುಂದ ದೇವರು ಪ್ರತ್ಯಕ್ಷ ಆದ್ರೂ ಮೊದ್ಲು ಆಧಾರ್ ಕಾರ್ಡ್ ತೋರಸಪಾ ಅಂತೀರಿ."

ಇಂಥ ಮನುಷ್ಯನಿಗೆ ನಮ್ಮ ಆಡಳಿತ ಮಂಡಳಿಯವರು ಕೊಟ್ಟ ಕೆಲಸ ಜನಸಂಪರ್ಕದ್ದು. ಹಾನಗಲ್ಲಿನ ನಮ್ಮ ಶಾಲೆ–ಕಾಲೇಜಿನಲ್ಲಿ ನಾನು ಇತಿಹಾಸದ ಮಾಸ್ತರ. ಒಂದು ದಿನ ಕಾರ್ಯದರ್ಶಿಗಳು ಕರೆದು, "ಇನ್ನ ಮ್ಯಾಲೆ ಹಳೇ ವಿದ್ಯಾರ್ಥಿಗಳ ಸಂಪರ್ಕ, ದಾನಿಗಳ ಸಂಪರ್ಕ ಎಲ್ಲಾ ನಿಮ್ದ. ನೀವು ಎಲ್ಲಾರ ಮದವಿಗೂ ಹೋಗ್ತೀರಿ, ಎಲ್ಲಾರ ಹೆಸರೂ ನೆನಪ ಇಡ್ತೀರಿ" ಎಂದರು. ಮದುವೆಗಳಿಗೆ ನಾನು ಹೋಗುವುದು ಹೋಗದಿದ್ದರೆ ಏನೆಂದುಕೊಂಡಾರೋ ಎಂಬ ಭಯದಿಂದ. ಹೆಸರು ನೆನಪಿಡುವುದು ಮುಂದೆ ಯಾರು ಏನು ಮಾಡಿಯಾರೋ ಎಂಬ ಎಚ್ಚರದಿಂದ. ಅದನ್ನೆಲ್ಲ ಅವರಿಗೆ ಹೇಳಲಾಗಲಿಲ್ಲ. ಒಂದು ವಿಸಿಟಿಂಗ್ ಕಾರ್ಡು ಬಂತು. ಅದರಲ್ಲಿ ನನ್ನ ಹುದ್ದೆಯ ಹೆಸರು ಎಷ್ಟು ಉದ್ದವಿತ್ತೆಂದರೆ ನನ್ನ ಹೆಸರು ಮೂಲೆಯಲ್ಲಿ ಅಡ್ಜಸ್ಟ್ ಮಾಡಿಕೊಳ್ಳಬೇಕಾಯಿತು.

ದಾನಿಗಳ ಲೋಕ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಯಾವ ಶಾಲೆಗೆ ಹೋದರೂ ತಲೆಯೆತ್ತಿ ನೋಡಿರಿ, ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರಿರುತ್ತದೆ. ಒಂದು ರೆಕ್ಕೆಯ ಮೇಲೆ ಹೆಸರು, ಇನ್ನೊಂದರ ಮೇಲೆ ಊರು, ಮೂರನೆಯದರ ಮೇಲೆ "ಇವರ ಸ್ಮರಣಾರ್ಥ". ಫ್ಯಾನ್ ತಿರುಗಿದರೆ ಹೆಸರು ಕಾಣುವುದಿಲ್ಲ, ಹೆಸರು ಕಾಣಬೇಕಾದರೆ ಫ್ಯಾನ್ ತಿರುಗಬಾರದು. ಹಾಗಾಗಿ ದಾನಿಗಳು ಬಂದಾಗ ಫ್ಯಾನ್ ಆರಿಸುವುದು ನಮ್ಮಲ್ಲಿ ಶಿಷ್ಟಾಚಾರ. ಕಡುಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುತ್ತ ತನ್ನದೇ ಫ್ಯಾನನ್ನು ಕಣ್ತುಂಬ ನೋಡುವ ದಾನಿಯ ಮುಖ ನೋಡಿದಾಗೆಲ್ಲ, ಈತ ಮುಂದಿನ ಸಲ ಗೋಡೆಗಡಿಯಾರ ಕೊಟ್ಟರೆ ಅದರ ಮುಳ್ಳನ್ನೂ ನಿಲ್ಲಿಸಬೇಕಾದೀತೇ ಎಂದು ನನಗೆ ಚಿಂತೆಯಾಗುತ್ತದೆ.

ಈಗ ನಮಗೆ ಬೇಕಾಗಿದ್ದದ್ದು ಫ್ಯಾನಲ್ಲ, ಫ್ಯಾನು ತೂಗುಹಾಕಲು ಒಂದು ಮಾಡು, ಅಂದರೆ ಸೂರು. ನಮ್ಮ ಹುಡುಗಿಯರ ಓದುಕೋಣೆಯ ಹಂಚುಗಳು ಬೀಳಲಾರಂಭಿಸಿದ್ದರಿಂದ ಅದಕ್ಕೆ ಬೀಗ ಹಾಕಿದ್ದೆವು. ಹಳ್ಳಿಗಳಿಂದ ಬರುವ ಹುಡುಗಿಯರು ಸಂಜೆಯ ಬಸ್ಸಿನವರೆಗೆ ವರಾಂಡದ ಬೆಂಚಿನ ಮೇಲೆ ಕುಳಿತು ಓದುತ್ತಿದ್ದರು. ಪರೀಕ್ಷೆಗೆ ಮುಂಚೆ ಆ ಕೋಣೆಗೆ ತಗಡು ಹಾಕಿಸುತ್ತೇನೆಂದು ನಾನು ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದೆ. ಹಾಗೆ ಹೇಳುವ ಧೈರ್ಯ ನನಗೆ ಬಂದದ್ದು ಶಿವಾನಂದನಿಂದ.

ಶಿವಾನಂದ ನಮ್ಮ ಹಳೆಯ ವಿದ್ಯಾರ್ಥಿ. ಈಗ ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ಟಿನ ದೊಡ್ಡ ವ್ಯಾಪಾರಿ. ಅವನನ್ನು ನಾನು ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪತ್ತೆಹಚ್ಚಿದೆ. ಓದುಕೋಣೆಯ ತಗಡಿನ ಮಾತೆತ್ತಿದೆ. "ಮಾಡೋಣ ತಗೋರಿ ಸರ" ಎಂದ. ನಿಧಿ ಸಿಕ್ಕವನು ಏನು ಮಾಡುತ್ತಾನೆ? ಸುತ್ತಮುತ್ತ ನೋಡುತ್ತಾನೆ. ನಾನೂ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿ, "ಸದ್ಯಕ್ಕ ಯಾರಿಗೂ ಹೇಳಬ್ಯಾಡ್ರಿ" ಎಂದೆ. ಮನೆಗೆ ಬಂದು ಅವನ ನಂಬರನ್ನು ಮೊಬೈಲಿನಲ್ಲಿ "ಗ್ಯಾಸ್ ಸಿಲಿಂಡರ್" ಎಂಬ ಹೆಸರಿನಲ್ಲಿ ಸೇರಿಸಿಟ್ಟೆ. ಪರರ ಕಣ್ಣಿಗೆ ಬಿದ್ದರೂ ಗ್ಯಾಸಿನವನನ್ನು ಯಾರು ಅಪಹರಿಸುತ್ತಾರೆ?

ಪರರು ಎಂದರೆ ಯಾರು ಎಂಬುದನ್ನೂ ಹೇಳಬೇಕು. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲೂ ನನ್ನಂತೆಯೇ ಈ ಕೆಲಸ ಹೊತ್ತ ಮೂವರಿದ್ದಾರೆ. ನಮ್ಮ ನಾಲ್ವರನ್ನು ಒಮ್ಮೆ ಶಿಗ್ಗಾವಿಯಲ್ಲಿ ಕೂಡಿಸಿ, ಧಾರವಾಡದಿಂದ ಬಂದ ತರಬೇತುದಾರರೊಬ್ಬರು ದಿನವಿಡೀ ನೆಟ್‌ವರ್ಕಿಂಗ್ ಮತ್ತು ನಾಯಕತ್ವ ಕಲಿಸಿದರು. ನೆಟ್‌ವರ್ಕಿಂಗ್ ಎಂದರೆ ಹಂಚಿಕೊಳ್ಳುವುದಂತೆ. "ನಿಮ್ಮ ಒಬ್ಬ ದಾನಿಯ ಹೆಸರನ್ನು ಪಕ್ಕದವರಿಗೆ ಕೊಡಿ" ಎಂದರು. ನಾನು ಶಿಗ್ಗಾವಿಯ ನಿಂಗಪ್ಪ ಸರ್‌ಗೆ ಊರು ಬಿಟ್ಟು ವರ್ಷಗಳಾದ ಒಬ್ಬನ ಹೆಸರು ಕೊಟ್ಟೆ. ಅವರು ನನಗೆ ಕೊಟ್ಟ ಹೆಸರಿನವನನ್ನು ವಿಚಾರಿಸಿದರೆ, ಆತ ಸ್ವಂತ ಮಗಳ ಮದುವೆಯಲ್ಲೇ ಬೀಗರಿಗೆ ಎರಡನೇ ಸಲ ಹೋಳಿಗೆ ಬಡಿಸದವನೆಂದು ತಿಳಿಯಿತು. ನಂತರ ಕಣ್ಣುಮುಚ್ಚಿ ಹಿಂದಕ್ಕೆ ಬೀಳುವ ಆಟ. ಹಿಂದಿದ್ದವರು ಹಿಡಿದುಕೊಳ್ಳಬೇಕು, ಅದರಿಂದ ನಂಬಿಕೆ ಬೆಳೆಯುತ್ತದೆ. ನನ್ನ ಹಿಂದೆ ಸವಣೂರಿನ ಮೆಹಬೂಬ ಸರ್ ನಿಂತಿದ್ದರು. ನಾನು ಒಂದೇ ಕಣ್ಣು ಮುಚ್ಚಿ, ಇನ್ನೊಂದರಿಂದ ಹಿಂದೆ ನೋಡುತ್ತ, ಬೀಳುವ ಬದಲು ಮೆಲ್ಲಗೆ ಕುಳಿತುಕೊಂಡೆ. "ಅರೆ ಸಾಬ್, ನಾ ಹಿಡೀತಿದ್ದೆ" ಎಂದು ಅವರು ಮುಖ ಸಣ್ಣದು ಮಾಡಿದರು. ಅಷ್ಟೊಂದು ಬೇಸರ ಯಾಕಾಗಬೇಕು ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ.

ಅದೇ ದಿನ ನಾಲ್ಕು ತಾಲೂಕಿನ ಬಳಗವೊಂದು ಹುಟ್ಟಿತು. ತಿಂಗಳಿಗೊಂದು ಊರಿನಲ್ಲಿ ಸಭೆ. ಅಧ್ಯಕ್ಷರಾರು ಎಂದಾಗ ಮೂವರೂ ಒಕ್ಕೊರಲಿನಿಂದ ನನ್ನ ಹೆಸರು ಹೇಳಿದರು. ನನಗಾಗ ಸಂತೋಷವಾಗಿತ್ತು. ಆಮೇಲೆ ತರಬೇತುದಾರರು, "ನಾಯಕನಾದವನು ಮೊದಲು ತನ್ನ ಮನಸ್ಸು ಬಿಚ್ಚಬೇಕು, ತನ್ನ ಅತಿದೊಡ್ಡ ದಾನಿಯನ್ನು ತಾನೇ ಮೊದಲು ಬಳಗಕ್ಕೆ ಪರಿಚಯಿಸಬೇಕು" ಎಂದರು. ಓಹೋ ಎನಿಸಿತು. ಬಲಿಯ ಕುರಿಗೂ ಮೊದಲು ಹೂಮಾಲೆಯನ್ನೇ ಹಾಕುತ್ತಾರೆ.

ಸಭೆಗಳು ನಡೆದವು. ಚಹಾ, ಮಿರ್ಚಿ ಭಜಿ, ಗಿರ್ಮಿಟ್ಟು ಎಲ್ಲ ಹಂಚಿಕೊಂಡೆವು, ಹೆಸರೊಂದನ್ನು ಬಿಟ್ಟು. ಮೆಹಬೂಬ ಸರ್ ಪ್ರತಿ ಸಲ ಸವಣೂರಿನ ವೀಳ್ಯದೆಲೆ ತರುತ್ತಿದ್ದರು. ಉಳಿದವರಿಗೆ ಒಂದೊಂದು ಕಟ್ಟು, ನನಗೆ ಎರಡು. "ಅಕ್ಕಾರಿಗೆ ಒಂದ್ರಿ" ಎನ್ನುತ್ತಿದ್ದರು. ಸರೋಜಾ ಎಲೆಯನ್ನೇ ಹಾಕುವುದಿಲ್ಲ. ಒಮ್ಮೆ ಎಲೆಗೆ ಸುಣ್ಣ ಸವರುತ್ತ, ಆಕಾಶ ನೋಡುತ್ತ, "ಹುಬ್ಬಳ್ಯಾಗ ಈ ಪಂಪ್‌ಸೆಟ್ ವ್ಯಾಪಾರ ಹೆಂಗ ನಡದೈತಂತ್ರಿ?" ಎಂದು ಕೇಳಿದರು. ನನ್ನ ಬಾಯಲ್ಲಿದ್ದ ಎಲೆ ಗಂಟಲಿಗಿಳಿಯಿತು. ಆವತ್ತಿನಿಂದ ಎರಡೂ ಕಟ್ಟು ಎಲೆಗಳನ್ನು ಅಂಗಳದ ಆಡಿಗೆ ತಿನ್ನಿಸಿ, ಅದರ ವರ್ತನೆಯನ್ನು ಗಮನಿಸುತ್ತಿದ್ದೆ.

ಈ ಮಧ್ಯೆ ಮನೆಯಲ್ಲೊಂದು ಅನಾಹುತವಾಯಿತು. ನಾನು ಸ್ನಾನಕ್ಕೆ ಹೋದಾಗ ಒಲೆ ಆರಿದೆ. ಸರೋಜಾ ನನ್ನ ಮೊಬೈಲಿನಲ್ಲಿ "ಗ್ಯಾಸ್ ಸಿಲಿಂಡರ್" ಹುಡುಕಿ ಫೋನ್ ಹಚ್ಚಿದ್ದಾಳೆ. ನಾನು ಟವೆಲಿನಲ್ಲಿ ಹೊರಬಂದಾಗ ಅವಳು ಭೋರ್ಗರೆಯುತ್ತಿದ್ದಳು: "ಏನ್ರೀ, ಮನುಷ್ಯರದೀರೋ ಏನು? ಅರ್ಧಾ ಬೆಂದ ಅನ್ನ ಒಲಿ ಮ್ಯಾಲೆ ಕುಂತೈತಿ. ಇವತ್ತ ಬರ್ಲಿಲ್ಲಂದ್ರ ನಿಮ್ಮ ಆಫೀಸಿಗೇ ಬರ್ತೇನಿ ನೋಡ್ರಿ!" ಫೋನು ಕಸಿದುಕೊಳ್ಳುವಷ್ಟರಲ್ಲಿ ಆ ಕಡೆಯಿಂದ, "ಕಳಸ್ತೇನ್ರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ" ಎಂಬ ವಿನಯದ ದನಿ ಬಂದು ಕಟ್ ಆಯಿತು. ಆ ಪುಣ್ಯಾತ್ಮ ಹಾನಗಲ್ಲಿನ ಯಾರೋ ಪರಿಚಯದವರಿಗೆ ಹೇಳಿ ಮಧ್ಯಾಹ್ನದೊಳಗೆ ತುಂಬಿದ ಸಿಲಿಂಡರ್ ಕಳಿಸಿಯೇಬಿಟ್ಟ! ಸರೋಜಾಗೆ ಬಲು ಖುಷಿ. "ನೋಡ್ರಿ, ಮಂದೀನ ಹಿಂಗ ಮಾತಾಡ್ಸಬೇಕು" ಎಂದಳು. ನನಗೋ ಬೇರೆಯೇ ಲೆಕ್ಕ. ದಾನಿಗಳಿಗೆ ಒಂದು ಗುಣವುಂಟು, ಒಮ್ಮೆ ಕೊಟ್ಟರೆ ಕೊಟ್ಟಾಯಿತು ಎನ್ನುತ್ತಾರೆ. ಇವನು ಸಿಲಿಂಡರನ್ನೇ ದಾನದ ಲೆಕ್ಕಕ್ಕೆ ಹಿಡಿದರೆ ಓದುಕೋಣೆಯ ಗತಿಯೇನು? ಅದಾದ ಮೇಲೆ ಶಿವಾನಂದನೂ ನಾನು ತಗಡಿನ ವಿಷಯ ತೆಗೆದಾಗೆಲ್ಲ "ನೋಡೋಣ್ರಿ" ಎನ್ನತೊಡಗಿದ. "ಮಾಡೋಣ" ಎಂಬುದು "ನೋಡೋಣ" ಆಯಿತೆಂದರೆ ನಡುವೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ. ನನ್ನ ಕಣ್ಣ ಮುಂದೆ ಎರಡು ಕಟ್ಟು ಎಲೆ ತೇಲಿಬಂದವು.

ಪರೀಕ್ಷೆ ಹತ್ತಿರವಾಯಿತು. ಆ ತಿಂಗಳ ಸಭೆ ಹಾನಗಲ್ಲಿನಲ್ಲೇ ಬಿತ್ತು. ಕೂರಲು ಬೇರೆ ಜಾಗವಿಲ್ಲದೆ ವರಾಂಡದ ಬೆಂಚುಗಳನ್ನೇ ತೆಗೆದುಕೊಂಡೆವು. ಅಲ್ಲಿ ಓದುತ್ತಿದ್ದ ಹುಡುಗಿಯರು ಪುಸ್ತಕ ಎತ್ತಿಕೊಂಡು ಬೇವಿನ ಮರದ ಕೆಳಗೆ ಹೋದರು. ಹೋಗುವಾಗ ಒಬ್ಬಳು ಮರದ ಬುಡದ ಇರುವೆ ಸಾಲು ತೋರಿಸುತ್ತ, "ಸರ, ಮೀಟಿಂಗ್ ಲಗೂನ ಮುಗೀತೈತೇನ್ರಿ? ಅಲ್ಲಿ ಇರಬಿ ಭಾಳ ಅದಾವ್ರಿ" ಎಂದಳು. ಹಿರೇಕೆರೂರಿನ ಗಿರಿಜಾ ಮೇಡಂ ಅವಳನ್ನೇ ನೋಡುತ್ತ ಕುಳಿತರು. ಅವರು ನಮ್ಮ ಬಳಗದಲ್ಲಿ ಹೆಚ್ಚು ಮಾತಾಡದವರು. ಮಾತಾಡದವರ ಬಗ್ಗೆ ನನಗೆ ಯಾವಾಗಲೂ ಒಂದು ಕೈ ಹೆಚ್ಚಿನ ಅನುಮಾನ.

"ಅಧ್ಯಕ್ಷರು ಇವತ್ತರ ಒಂದ ಹೆಸರು ಹೇಳ್ರಿ" ಎಂದು ನಿಂಗಪ್ಪ ಸರ್ ಮಿರ್ಚಿ ಮುರಿದರು. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಬೆಂಚಿನ ಮೇಲಿನ ನನ್ನ ಮೊಬೈಲು ಹೊಡೆದುಕೊಂಡಿತು. ಗ್ಯಾಸ್ ಸಿಲಿಂಡರ್! ಎಲ್ಲರೂ ಬಗ್ಗಿ ನೋಡಿದರು. "ಮನ್ಯಾಗ ಗ್ಯಾಸ್ ಮುಗದೈತಿ" ಎಂದು ಅದನ್ನು ಬೋರಲು ಹಾಕಿದೆ. ಅದು ನಿಂತಿತು. ಕೂಡಲೇ ನಿಂಗಪ್ಪ ಸರ್‌ದು ಬಡಿದುಕೊಂಡಿತು. ಪರದೆಯ ಮೇಲೆ "ಹಲ್ಲಿನ ಡಾಕ್ಟರ್". ನಿಂಗಪ್ಪ ಸರ್ ಒಂದು ಕೈಯಿಂದ ದವಡೆ, ಇನ್ನೊಂದರಿಂದ ಮೊಬೈಲು ಮುಚ್ಚಿಕೊಂಡರು. ಅದು ನಿಂತೊಡನೆ ಮೆಹಬೂಬ ಸರ್‌ದು, "ಟೇಲರ್". "ಶೇರವಾನಿ ಹೊಲ್ಯಾಕ ಹಾಕೇನ್ರಿ" ಎಂದು ಅವರು ಯಾರೂ ಕೇಳದಿದ್ದರೂ ಹೇಳಿದರು. ಆಮೇಲೆ ಗಿರಿಜಾ ಮೇಡಂದು. ಅವರು ಚಹಾದ ಕಪ್ಪು ಕೆಳಗಿಟ್ಟು, ಫೋನನ್ನು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, "ಹೇಳಪಾ ಶಿವಾನಂದ" ಎಂದರು.

"ಏನ್ರಿ ಮೇಡಂ, ಹಾನಗಲ್ ಸರ ಎತ್ತವೊಲ್ಲರು, ಶಿಗ್ಗಾವಿ ಸರ ಎತ್ತವೊಲ್ಲರು, ಸವಣೂರ ಸರ ಎತ್ತವೊಲ್ಲರು. ಎಲ್ಲಾರೂ ಆರಾಮ ಅದಾರೇನ್ರಿ?"

ನಾವು ಮೂವರು ಗಂಡಸರು ಮೂರು ದಿಕ್ಕಿನ ಗೋಡೆ ನೋಡಿದೆವು. "ಆರಾಮ ಅದಾರ. ಇಲ್ಲೇ ಕುಂತು ಮಿರ್ಚಿ ತಿನ್ನಾಕತ್ತಾರ. ನಿನ್ನ ಮಾತು ಕೇಳಾಕತ್ತಾರ, ಹೇಳು" ಎಂದರು ಮೇಡಂ.

ಸಂಗತಿ ಇಷ್ಟೇ. ಶಿವಾನಂದನ ತಂದೆ ಲೈನ್‌ಮನ್. ವರ್ಗವಾದಲ್ಲೆಲ್ಲ ಮಗನನ್ನು ಕರೆದುಕೊಂಡು ಹೋಗಿದ್ದರು. ಹುಲಗೂರಿನಲ್ಲಿದ್ದಾಗ ಶಿಗ್ಗಾವಿಯ ಶಾಲೆ, ಆಮೇಲೆ ಸವಣೂರು, ನಂತರ ಹಿರೇಕೆರೂರು, ಕೊನೆಗೆ ಹಾನಗಲ್ಲು. ನಾಲ್ಕೂ ಕಡೆಯವರು ಅವನನ್ನು "ನಮ್ಮ ಹುಡುಗ" ಎಂದು ಬಚ್ಚಿಟ್ಟುಕೊಂಡಿದ್ದೆವು.

"ನನಗ ಕೊಡಾಕ ಬ್ಯಾಸರಿಲ್ರಿ," ಫೋನಿನೊಳಗಿಂದ ಶಿವಾನಂದ ಹೇಳಿದ. "ಆದ್ರ ಮೂರು ಮಂದಿ ಸರಗೋಳು ಕಿವ್ಯಾಗ ಬಂದು ‘ಯಾರಿಗೂ ಹೇಳಬ್ಯಾಡ್ರಿ, ಯಾರಿಗೂ ಹೇಳಬ್ಯಾಡ್ರಿ’ ಅಂತಾರ. ಸಾಲಿಗೆ ಕೊಡೂದು ಮುಚ್ಚಿ ಕೊಡೂ ಮಾತೇನ್ರಿ? ಇದರಾಗ ಏನರ ಗೋಲ್‌ಮಾಲ್ ಐತೇನೋ ಅಂತ ನನಗ ಸಂಶೆ ಬಂತು. ಅದಕ್ಕ ನೋಡೋಣ್ರಿ, ನೋಡೋಣ್ರಿ ಅನಕೋತ ಬಂದೇನಿ. ಇವತ್ತ ಎಲ್ಲಾರ್ನೂ ನೇರ ಕೇಳಿಬಿಡೋಣಂತ ಫೋನ್ ಹಚ್ಚಿದೆ. ಹಾನಗಲ್ ಸರಗ ಅಂತೂ ಒಂದ ಸಿಲಿಂಡರ್ ಕೊಟ್ಟೇನಿ. ಅವರ ಮನಿಯವ್ರು ಭಾಳ ಜೋರ ಅದಾರ್ರಿ."

ಬೇವಿನ ಮರದ ಕೆಳಗಿನಿಂದ ಕಿಸಕ್ಕೆಂದು ನಗು ಕೇಳಿಸಿತು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ತಿಂಗಳು ನಾನು ಪಕ್ಕದವರನ್ನು ಸಂಶಯದಿಂದ ನೋಡುತ್ತ ಕುಳಿತಿದ್ದೆ. ಆ ಹುಡುಗಿಯರು ಬೆಂಚಿನ ಮೇಲೆ ಕುಳಿತದ್ದು ನನ್ನ ಪಿಸುಮಾತಿನಿಂದ. ಅನುಮಾನ ಅಂಟುರೋಗವೆಂದು ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಹಲ್ಲಿನ ಡಾಕ್ಟರಂತೂ ಹೇಳುವ ಹಾಗೇ ಇರಲಿಲ್ಲ.

"ಮೇಡಂ, ನೀವೂ ನಮಗ ಹೇಳಲಿಲ್ಲಲ್ರಿ" ಎಂದು ನಿಂಗಪ್ಪ ಸರ್ ದವಡೆಯಿಂದ ಕೈ ತೆಗೆದರು.

"ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ನಾ ಏನ್ ಅವನ್ನ ಟೇಲರ್ ಮಾಡಿಲ್ಲ" ಎಂದ ಮೇಡಂ ಎದ್ದು ಹೋಗಿ, ಬೀಗ ಹಾಕಿದ ಓದುಕೋಣೆಯ ಕಿಟಕಿಯಲ್ಲಿ ಇಣುಕಿ ಬಂದರು. "ಶಿವಾನಂದ, ಕೇಳಿಲ್ಲಿ. ನಾವೆಲ್ಲಾರೂ ತಡೀತೇವಿ. ಮೊದ್ಲು ಹಾನಗಲ್ಲದಾಗ ತಗಡು ಹಾಕ್ಸು. ಹುಡಿಗ್ಯಾರು ಇರಬಿ ಕೂಡ ಕುಂತು ಓದಾಕತ್ತಾವು."

ಮೆಹಬೂಬ ಸರ್, "ಬರೋಬ್ಬರಿ, ಹಾನಗಲ್ ಮೊದ್ಲು" ಎಂದರು. ನಿಂಗಪ್ಪ ಸರ್ ತಲೆಯಾಡಿಸಿದರು. ನಾನು ಅಧ್ಯಕ್ಷ. ಕೃತಜ್ಞತೆ ಹೇಳಬೇಕಾದವನು. ಬಾಯಿ ತೆರೆದರೆ ಬಂದ ಮಾತು ಇದು: "ಯಾಕ್ರಿ?"

ಪರೀಕ್ಷೆಗೆ ಮುಂಚೆಯೇ ಓದುಕೋಣೆಗೆ ತಗಡಿನ ಮಾಡು ಬಂತು. ಶಿವಾನಂದ ಹೆಸರು ಬರೆಸುವುದು ಬೇಡವೆಂದ. ಹೆಸರು ಬೇಡವೆನ್ನುವ ದಾನಿಯನ್ನು ನಾನು ಕಂಡಿರಲಿಲ್ಲ, ಆದರೂ ನಾಲಿಗೆ ಕಚ್ಚಿಕೊಂಡೆ. ಉದ್ಘಾಟನೆಯ ದಿನ ಹುಡುಗಿಯರು ಭಾಷಣ ಮುಗಿಯುವುದನ್ನೂ ಕಾಯದೆ ಒಳಗೆ ಹೋಗಿ ಜಾಗ ಹಿಡಿದರು. ಫ್ಯಾನು ತಿರುಗುತ್ತಲೇ ಇತ್ತು. ಬಳಗದ ಮೂವರೂ ಬಂದಿದ್ದರು. ಬಾಗಿಲ ಬಳಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬಾತ ಕೈಕಟ್ಟಿಕೊಂಡು ಮಾಡನ್ನು ಹೆಮ್ಮೆಯಿಂದ ನೋಡುತ್ತಿದ್ದ. "ಅವರ‍್ಯಾರ್ರಿ?" ಎಂದರು ಮೆಹಬೂಬ ಸರ್.

"ತಗಡು ಕೂಡಿಸಿದ ವೆಲ್ಡರ್, ಯಲ್ಲಪ್ಪ" ಎಂದೆ. ಅದು ಅಪ್ಪಟ ಸತ್ಯ.

ಮೆಹಬೂಬ ಸರ್ ನಿಂಗಪ್ಪ ಸರ್ ಮುಖ ನೋಡಿದರು. ನಿಂಗಪ್ಪ ಸರ್ ನಕ್ಕರು. "ವೆಲ್ಡರ್ ಅಂತ! ಆತು ಬಿಡ್ರಿ" ಎಂದರು. ಸ್ವಲ್ಪ ಹೊತ್ತಿಗೆ ನೋಡಿದರೆ ಒಬ್ಬರು ಯಲ್ಲಪ್ಪನಿಗೆ ಚಹಾ ಹಿಡಿದಿದ್ದರು, ಇನ್ನೊಬ್ಬರು ಒಂದು ಕಟ್ಟು ಸವಣೂರಿನ ಎಲೆ. ಗಿರಿಜಾ ಮೇಡಂ ಕೂಡ ಅವನಿಗೊಂದು ಕುರ್ಚಿ ಹಾಕಿಸಿದರು. ಎಲ್ಲರೂ ಹೋದ ಮೇಲೆ ಯಲ್ಲಪ್ಪ ನನ್ನ ಬಳಿ ಬಂದು, "ಸರ, ಭಾಳ ಮರ್ಯಾದಿ ಮಂದಿ ಬಿಡ್ರಿ. ನೀನು ಯಾವ ಸಾಲಿ, ಯಾವ ಬ್ಯಾಚು ಅಂತ ಮೂರೂ ಮಂದಿ ಕೇಳಿದ್ರು. ನಂಬರ್ ತಗೊಂಡ್ರು. ನಿಮಗೂ ಕೊಡ್ಲೇನ್ರಿ?" ಎಂದ.

ಬೇಡವೆನ್ನಲು ಬಾಯಿ ತೆರೆದವನು ತಡೆದುಕೊಂಡೆ. ಮೂವರು ಅನುಭವಸ್ಥರು ಸುಮ್ಮನೆ ತೆಗೆದುಕೊಂಡಾರೆಯೇ? ನಂಬರು ಪಡೆದು, ಇನ್ನು ಮೇಲೆ ಎಲ್ಲ ಬಿಚ್ಚುಮನಸ್ಸಿನಿಂದಲೇ ಎಂದು ನಿಶ್ಚಯಿಸಿ, ಇದ್ದದ್ದು ಇದ್ದ ಹಾಗೆ "ವೆಲ್ಡರ್ ಯಲ್ಲಪ್ಪ" ಎಂದು ಸೇರಿಸಿದೆ. ಬರೆದದ್ದನ್ನು ಒಮ್ಮೆ ಓದಿದೆ. ಎಷ್ಟು ಓದಿದರೂ ಅದು ಯಾರೋ ಯಾರನ್ನೋ ಬಚ್ಚಿಟ್ಟ ಹಾಗೇ ಕಾಣುತ್ತಿತ್ತು. ಮೆಲ್ಲಗೆ ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದೆ:

"ಖರೇ ಹೇಳ್ರಿ ಯಲ್ಲಪ್ಪಾರ, ನೀವು ಯಾವ ಬ್ಯಾಚು?"