ಎದೆಯ ಮೇಲಿನ ತೂತು

ಸೆಡ್ರಿಕ್ ಆಪಲ್‌ಯಾರ್ಡ್‌ನ ಫ್ರೀಜರಿನಲ್ಲಿ ಒಂದು ಪೊಟ್ಟಣ ಬಟಾಣಿ ಹಿಡಿಸಿದರೆ ಹೆಚ್ಚು. ಹಾಗಾಗಿ ತಾತನ ಕೋಟು ಪಕ್ಕದ ಮನೆಯ ಮಾರೀನ್ ಥ್ಯಾಕ್ರೆಯ ದೊಡ್ಡ ಫ್ರೀಜರಿಗೆ ಹೋಗಬೇಕಾಯಿತು.

ಯಾರ್ಕ್‌ಷೈರಿನ ಆ ಬೀದಿಯಲ್ಲಿ ಹಳೆಯ ಸೈನಿಕ ಸಮವಸ್ತ್ರ ಕೂಡಿಡುವ ಹುಚ್ಚು ಅವನೊಬ್ಬನದೇ. ಆ ಉಣ್ಣೆಯನ್ನು ಅವನಿಗಿಂತ ಹೆಚ್ಚು ಪ್ರೀತಿಸುತ್ತಿದ್ದದ್ದು ನುಸಿ ಮಾತ್ರ. ಲ್ಯಾವೆಂಡರ್ ಚೀಲ ತೂಗುಹಾಕಿದ, ದೇವದಾರಿನ ಚಕ್ಕೆ ಇಟ್ಟ, ನುಸಿಗುಳಿಗೆ ಸುರಿದ. ಬಸ್ಸಿನಲ್ಲಿ ಅವನ ಪಕ್ಕ ಕೂತವರು ಎದ್ದು ಹೋಗುತ್ತಿದ್ದರು, ನುಸಿ ಹೋಗಲಿಲ್ಲ. ಕೊನೆಗೆ ಉಳಿದದ್ದು ಚಳಿಯಲ್ಲಿಟ್ಟು ಕೊಲ್ಲುವ ದಾರಿ.

ಬೇರೆ ಕೋಟುಗಳು ಹೋದರೆ ಹೋಗಲಿ. ತಾತ ವಿಲ್ಫ್ರೆಡ್‌ನದು ಹಾಗಲ್ಲ. ಮೊದಲ ಮಹಾಯುದ್ಧದಲ್ಲಿ ಗುಂಡೊಂದು ಅದರ ಎದೆಯ ಜೇಬಿನ ಅಂಚನ್ನು ತೂರಿಹೋಗಿತ್ತು. ತಾತ ಹೇಗೋ ಬದುಕಿ ಬಂದಿದ್ದ. ಇವತ್ತು ಮಧ್ಯಾಹ್ನ ಸಂಗ್ರಹಾಲಯದ ಮಿಸ್ ಓಲ್ಡ್‌ರಾಯ್ಡ್ ಕೋಟು ನೋಡಲು ಬರುವವರಿದ್ದರು. ಒಪ್ಪಿದರೆ ಗಾಜಿನ ಪೆಟ್ಟಿಗೆ, ಕೆಳಗೆ ತಾತನ ಹೆಸರು. ಒಪ್ಪದಿದ್ದರೆ, ಹೆಂಡತಿ ಮಕ್ಕಳಿಲ್ಲದ ಸೆಡ್ರಿಕ್ ಸತ್ತ ಮಾರನೇ ದಿನ ಕೋಟು ನುಸಿಯ ಬಾಯಿಗೆ. ಗುಂಡಿನ ತೂತಿನ ಸಂಗತಿಯನ್ನು ಅವನು ಫೋನಿನಲ್ಲಿ ಹೇಳಿರಲಿಲ್ಲ. ಎದುರಿಗೇ ತೋರಿಸಬೇಕೆಂದಿದ್ದ.

ಬೆಳಿಗ್ಗೆ ಮಾರೀನ್ ಕೋಟು ತಂದಳು. ಅವಳಿಗೆ ಬೀದಿಯವರೆಲ್ಲ ಬಂಗಾರವೇ, ಹಾಲಿನವನೂ ಸೇರಿ.

"ತಗೋ ಬಂಗಾರ. ನುಸಿ ಎಲ್ಲಾ ಸತ್ತಿವೆ. ಕೋಟು ಜರಡಿ ಥರ ಆಗಿತ್ತು, ನಂಗೆ ನೋಡೋಕಾಗ್ಲಿಲ್ಲ. ಮೊನ್ನೆ ಆಚೆ ತೆಗೆದು ತೂತೆಲ್ಲಾ ಹೊಲಿದ್‌ಬಿಟ್ಟೆ."

ಸೆಡ್ರಿಕ್ ಜೇಬನ್ನು ತಡವಿದ. ಎಳೆಗೆ ಎಳೆ ಕೂಡಿತ್ತು. ಜರ್ಮನಿಯ ಗುಂಡು ಬಂದುಹೋದ ಗುರುತೇ ಇರಲಿಲ್ಲ.

"ಎಲ್ಲಾನೂ?"

"ಎದೆ ಮೇಲೊಂದು ದೊಡ್ಡದಿತ್ತಲ್ಲ, ಅದಕ್ಕೇ ಒಂದು ಸಂಜೆ ಹಿಡೀತು."

ಅವನ ಹೊಟ್ಟೆಯೊಳಗಿಂದ ಒಂದು ಕೂಗು ಎದ್ದಿತು. ಬಾಯಿಗೆ ಬರುವಷ್ಟರಲ್ಲಿ ಅದು ಆ ಊರಿನ ರೂಢಿಯಂತೆ "ತುಂಬಾ ಉಪಕಾರ ಆಯ್ತು, ಟೀ ಕುಡ್ಕೊಂಡ್ ಹೋಗು" ಎಂದಾಗಿತ್ತು. ಅವಳು ಕುಡಿದಳು. ಇನ್ನೊಂದು ಕಪ್ಪನ್ನೂ ಕುಡಿದಳು.

ಅವಳು ಹೋದ ಮೇಲೆ ಎದುರು ಮನೆಯ ಕೆನ್, ಕಿಟಕಿಯಲ್ಲಿ ಸೆಡ್ರಿಕ್‌ನ ಮುಖ ಕಂಡು, ಕರೆಯದೆಯೇ ಬಂದ. ಇಬ್ಬರೂ ಹೊಲಿಗೆ ಬಿಚ್ಚಲು ನೋಡಿದರು. ದಾರದ ತುದಿ ಸಿಗಲಿಲ್ಲ. ಕತ್ತರಿ ಹಾಕಿದರೆ ಗೊತ್ತಾಗುತ್ತದೆ, ಗುಂಡು ಅಂದರೆ ಬಿಸಿ, ಸುಡುವುದೇ ಸರಿ ಎಂದು ಕೆನ್ ವಾದಿಸಿದ. ಒಲೆಯ ಮೇಲೆ ಸ್ಕ್ರೂಡ್ರೈವರ್ ಕಾಯಿತು.

"ಚುಚ್ಚೋ, ಯಾಕೆ ನೋಡ್ತೀಯ? ಜರ್ಮನಿಯವನು ನಿಮ್ಮ ತಾತನ್ನ ಕೇಳ್ಕೊಂಡು ಹೊಡೆದ್ನಾ?"

ಚುಚ್ಚಿದ. ಕೂದಲು ಸುಟ್ಟ ನಾತ ಮನೆ ತುಂಬಿತು. ಸ್ಕ್ರೂಡ್ರೈವರ್ ಜಾರಿ ತೂತು ಅಗಲವಾಯಿತು. ಅದು ಬಂದೂಕಿನದಲ್ಲ, ಫಿರಂಗಿಯದು. ತಾತನಿಗೆ ಅಂಥದ್ದು ತಗುಲಿದ್ದರೆ ಸೆಡ್ರಿಕ್‌ನ ಅಪ್ಪ ಹುಟ್ಟುತ್ತಲೇ ಇರಲಿಲ್ಲ.

ಬಾಗಿಲ ಗಂಟೆ ಸದ್ದಾಯಿತು. ಮಿಸ್ ಓಲ್ಡ್‌ರಾಯ್ಡ್ ಬಂದರು. ಹಿಂದೆಯೇ ಕೇಕು ಹಿಡಿದು ಮಾರೀನ್. ನಾತ ಹೋಗಲೆಂದು ಎಲ್ಲ ಕಿಟಕಿ ತೆರೆದಿದ್ದರಿಂದ, ನವೆಂಬರಿನ ಗಾಳಿಯಲ್ಲಿ ನಾಲ್ವರೂ ಕೋಟಿನ ಸುತ್ತ ಹೆಣ ಕಾಯುವವರಂತೆ ನಿಂತರು. ಮಿಸ್ ಓಲ್ಡ್‌ರಾಯ್ಡ್ ಕೈಗವಸು ತೊಟ್ಟು ಬೆನ್ನು, ತೋಳು, ಕಾಲರು ನೋಡಿದರು. ಅವರ ಮುಖ ಅರಳುತ್ತ ಹೋಯಿತು. ಜೇಬಿಗೆ ಬಂದಾಗ ಬಾಡಿತು.

"ಗುಂಡು ಬಿದ್ದದ್ದು," ಎಂದ ಸೆಡ್ರಿಕ್. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

"ಫೋನಲ್ಲೇ ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ ಸಾರ್. ಗುಂಡು ಬಿದ್ದ ಕೋಟು ನಮ್ಮಲ್ಲಿ ಒಂದು ಕೋಣೆ ತುಂಬ ಇವೆ. ಈ ಮಾದರೀದು ತೂತಿಲ್ದೇ ಇರೋದು ಒಂದೂ ಇಲ್ಲ. ಈ ತೂತೊಂದು ಇಲ್ದಿದ್ರೆ ಈಗ್ಲೇ ಹೊತ್ಕೊಂಡು ಹೋಗ್ತಿದ್ದೆ."

ಕೆನ್‌ಗೆ ಮನೆಯಲ್ಲೇನೋ ಕೆಲಸ ನೆನಪಾಯಿತು.

ಮಾರೀನ್ ಕೇಕು ಕೆಳಗಿಟ್ಟು ಬಗ್ಗಿದಳು. "ಇದನ್ನ ನಾನು ಹೊಲಿದಿದ್ನಲ್ಲ ಬಂಗಾರ?"

ಮತ್ತೆ ಹೊಲಿಯಲಾಗುವುದೇ ಎಂದು ಮಿಸ್ ಓಲ್ಡ್‌ರಾಯ್ಡ್ ಆಸೆಯಿಂದ ಕೇಳಿದರು.

"ನುಸಿ ತಿಂದಿದ್ರೆ ಹೊಲೀಬಹುದು. ಇದು ಸುಟ್ಟಿದೆ. ಸುತ್ತ ಕರಕಲು, ಸೂಜಿಗೆ ಹಿಡಿಯೋಕೆ ಎಳೇನೇ ಇಲ್ಲ."

ಮಿಸ್ ಓಲ್ಡ್‌ರಾಯ್ಡ್ ಕೈಗವಸು ಕಳಚಿ, ಸುಮ್ಮನೆ ತೊಂದರೆ ಕೊಟ್ಟೆ ಎಂದು ಕ್ಷಮೆ ಕೇಳಿದರು. ಸೆಡ್ರಿಕ್ ಪರವಾಗಿಲ್ಲ ಎಂದ. ಅವರು ಬಂದದ್ದೇ ದೊಡ್ಡದು ಎಂದ. ಮಾರೀನಳಿಗೂ ಇನ್ನೊಮ್ಮೆ ಉಪಕಾರ ಹೇಳಿ ಕಳಿಸಿ, ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದ.

ಆಮೇಲೆ ಕೋಟನ್ನು ಬೀರುವಿನಲ್ಲಿ ತೂಗುಹಾಕಿದ. ನುಸಿ ಬಂದರೆ ಬರಲಿ ಎಂದು ಬೀರುವಿನ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.